ಮುಂದೆ ಸಾಲಿಡ್ ಆಕ್ಸಲ್ಲಾ, ಐಎಫ್‌ಎಸ್ಸಾ? ತೋಟದ ದಾರಿಯಲ್ಲಿ ನನ್ನ ಅನುಭವ

ನಮ್ಮ ತೋಟ ಸಕಲೇಶಪುರದಿಂದ ಬಿಸಿಲೆ ಕಡೆಗೆ, ಒಳಗೆ. ಟಾರು ರಸ್ತೆ ಬಿಟ್ಟ ಮೇಲೆ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣು ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ದಾರಿ ಅನ್ನುವುದೇ ತಪ್ಪು. ಅಪ್ಪನ ಕಾಲದ ಜೀಪು ಒಂದಿದೆ. ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್, ಬ್ಲೇಡ್ ಸೆಟ್ (ಕಬ್ಬಿಣದ ಪಟ್ಟಿ ಜೋಡಿಸಿದ ಸ್ಪ್ರಿಂಗ್). 2016ರಲ್ಲಿ ಇನ್ನೊಂದು ಗಾಡಿ ತಂದೆ. ಅದಕ್ಕೆ ಮುಂದೆ ಐಎಫ್‌ಎಸ್ ಅಂದರೆ ಇಂಡಿಪೆಂಡೆಂಟ್ ಫ್ರಂಟ್ ಸಸ್ಪೆನ್ಷನ್, ಸ್ಪ್ರಿಂಗ್ ಜಾಗದಲ್ಲಿ ಟಾರ್ಷನ್ ಬಾರ್ ಅನ್ನುವ ತಿರುಚುವ ಸರಳು. ಕಂಪನಿ ಹೆಸರು ಬೇಡ, ಯಾಕಂದ್ರೆ ಮುಂದೆ ಹೇಳುವ ಎಡವಟ್ಟೆಲ್ಲ ಬಹುಪಾಲು ನನ್ನದೇ.

ಗೊತ್ತಿಲ್ಲದವರಿಗೆ ಎರಡು ಮಾತು. ಸಾಲಿಡ್ ಅಂದರೆ ಎರಡು ಚಕ್ರದ ನಡುವೆ ಒಂದೇ ಕಬ್ಬಿಣದ ಹೌಸಿಂಗ್. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದನ್ನು ಕೆಳಕ್ಕೆ ಒತ್ತುತ್ತದೆ, ತಕ್ಕಡಿ ಕೋಲಿನ ಹಾಗೆ. ಐಎಫ್‌ಎಸ್‌ನಲ್ಲಿ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರುಗಳ ಗುಂಡು) ಚಾಸಿಗೆ ಬಿಗಿದಿರುತ್ತದೆ, ಚಕ್ರಗಳು ತಮ್ಮ ಪಾಡಿಗೆ ತಾವು ಮೇಲೆ ಕೆಳಗೆ ಆಡುತ್ತವೆ. ಇದರಿಂದಲೇ ಎಲ್ಲ ಜಗಳ.

ಹೊಸ ಗಾಡಿ ಬಂದ ಮೊದಲ ತಿಂಗಳು ನನಗೆ ಸ್ವರ್ಗ. ಹಳೆ ಜೀಪಿನಲ್ಲಿ ಹೆದ್ದಾರಿಗೆ ಇಳಿದರೆ ಅರವತ್ತು ದಾಟಿದ ಮೇಲೆ ಜೀವ ಕೈಯಲ್ಲಿ ಹಿಡಿದೇ ಓಡಿಸಬೇಕಿತ್ತು. ಒಮ್ಮೆ ದೋಣಿಗಾಲ್ ಹತ್ತಿರ ಒಂದು ಚಿಕ್ಕ ಗುಂಡಿಗೆ ಬಲಗಡೆ ಚಕ್ರ ಇಳಿಯಿತು ನೋಡಿ, ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಅದುರಲು ಶುರುವಾಯಿತು. ಪೂರ್ತಿ ನಿಲ್ಲಿಸುವವರೆಗೂ ಅದುರಾಟ ನಿಲ್ಲಲಿಲ್ಲ. ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್‌ನ ಬೇರಿಂಗ್ ಸವೆದಿತ್ತು, ಸ್ಟೀರಿಂಗ್ ಸರಳಿನ ತುದಿಯ ಟೈ ರಾಡ್ ಎಂಡೂ ಲೊಡಲೊಡ. ಸಾಲಿಡ್ ಆಕ್ಸಲ್‌ನಲ್ಲಿ ಒಂದು ಚಕ್ರದ ಕುಣಿತ ಇನ್ನೊಂದಕ್ಕೆ ಹೋಗಿಯೇ ಹೋಗುತ್ತದೆ. ಹಾಗಾಗಿ ಸ್ವಲ್ಪ ಸಡಿಲ ಇದ್ದರೂ ಅದು ಬೆಳೆಯುತ್ತದೆ. ಐಎಫ್‌ಎಸ್ ಗಾಡಿಯಲ್ಲಿ ಅದೇ ಗುಂಡಿ ಡಬ್ ಅಂದು ಮುಗಿಯಿತು. ಹಿಂದೆ ಕೂತಿದ್ದ ಅಮ್ಮ ಏಳಲೂ ಇಲ್ಲ.

ಎಡವಟ್ಟು ಶುರುವಾಗಿದ್ದು ಮನೆ ಹತ್ತಿರದ ಕೊನೆ ಇಳಿಜಾರಿನಲ್ಲಿ. ಅಲ್ಲಿ ದಾರಿಗೆ ಅಡ್ಡವಾಗಿ ಒಂದು ತೋಡು, ತೋಡಿನ ಮಧ್ಯೆ ಒಂದು ಬಂಡೆ ತಲೆ ಎತ್ತಿದೆ. ಜೀಪು ಅದರ ಮೇಲೆ ಎಷ್ಟು ಸಾರಿ ಹೋಗಿದೆಯೋ ಲೆಕ್ಕ ಇಲ್ಲ. ಹೊಸ ಗಾಡಿ ಟೇಪಿನ ಲೆಕ್ಕದಲ್ಲಿ ಜೀಪಿಗಿಂತ ಎತ್ತರ. ಆದರೂ ವಾರಕ್ಕೆ ಒಂದು ಸಾರಿಯಾದರೂ ಹೊಟ್ಟೆ ತಾಗಿ ಠಣ್ ಅನ್ನುತ್ತಿತ್ತು.

ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಟಾರ್ಷನ್ ಬಾರ್ ಬೋಲ್ಟು ತಿರುಗಿಸಿ ಮುಂಭಾಗವನ್ನು ಒಂದೂವರೆ ಇಂಚು ಎತ್ತಿದೆ. ಅರ್ಧ ಗಂಟೆ ಕೆಲಸ, ಖರ್ಚು ಸೊನ್ನೆ, ನೋಡಲೂ ಚೆಂದ. ಆದರೆ ಸಸ್ಪೆನ್ಷನ್ ಒಟ್ಟು ಎಷ್ಟು ಆಡಬೇಕೋ ಅಷ್ಟೇ ಆಡುವುದು. ಮೇಲಿನಿಂದ ತೆಗೆದುಕೊಂಡದ್ದನ್ನು ಕೆಳಗಿನಿಂದ ಕೊಡಲೇಬೇಕು. ಚಕ್ರಕ್ಕೆ ಕೆಳಗಿಳಿಯಲು ಜಾಗವೇ ಉಳಿಯಲಿಲ್ಲ. ಕೆಲಸದವರ ಲೈನ್ ಮನೆ ತಿರುವಿನಲ್ಲಿ ಮುಂದಿನ ಎಡಚಕ್ರ ಗಾಳಿಯಲ್ಲಿ ನಿಂತು ಸುಮ್ನೆ ತಿರುಗುತ್ತಿತ್ತು. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಕೋನ ಜಾಸ್ತಿಯಾಗಿ, ಅದರ ಜಾಯಿಂಟಿಗೆ ಮುಚ್ಚಿದ ರಬ್ಬರ್ ಬೂಟು ಹರಿಯಿತು. ಬೂಟು ಹರಿದರೆ ಗ್ರೀಸ್ ಹೊರಗೆ, ಕೆಸರು ಒಳಗೆ. ಮಳೆ ಮುಗಿಯುವಷ್ಟರಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಕಟ ಕಟ ಕಟ. ಟೈರು ಒಂದೇ ಅಂಚಿನಲ್ಲಿ ಬೋಳಾಯಿತು.

ನಮ್ಮ ಗ್ಯಾರೇಜ್ ಮೇಸ್ತ್ರಿ ಗಾಡಿ ಕೆಳಗಿನಿಂದಲೇ ಕೇಳಿದರು: "ಯಾರಣ್ಣ ಇದನ್ನ ಎತ್ತಿದ್ದು?"

"ನಾನೇ."

"ಮತ್ತೆ ನನ್ನನ್ಯಾಕೆ ಕರೆದ್ರಿ?"

ಆಗ ನನಗೂ ಹಟ ಬಂತು. ಟೇಪಿನಲ್ಲಿ ಎತ್ತರ ಇರುವ ಗಾಡಿ ಯಾಕೆ ತಾಗುತ್ತದೆ, ಗಿಡ್ಡ ಇರುವ ಜೀಪು ಯಾಕೆ ತಾಗಲ್ಲ? ಬೋಲ್ಟನ್ನು ಮೊದಲಿದ್ದ ಜಾಗಕ್ಕೇ ತಂದು, ಬೂಟು ಮತ್ತು ಜಾಯಿಂಟು ಹಾಕಿಸಿದ ಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿದೆ. ತೋಡಿನ ಬಂಡೆಯ ಪಕ್ಕದಲ್ಲಿ ಸಮ ಜಾಗ ನೋಡಿ ಒಂದಡಿ ಎತ್ತರಕ್ಕೆ ಜೇಡಿಮಣ್ಣಿನ ಮುದ್ದೆ ಕಟ್ಟಿದೆ. ಮೊದಲು ಜೀಪನ್ನು ನಿಧಾನ ಹಾಯಿಸಿದೆ. ಡಿಫರೆನ್ಷಿಯಲ್‌ನ ಗುಂಡು ಮುದ್ದೆಯನ್ನು ಚಾಕುವಿನಲ್ಲಿ ಕೊಯ್ದ ಹಾಗೆ ಎಂಟು ಇಂಚಿಗೆ ಕೊಯ್ದಿತ್ತು. ಮತ್ತೆ ಕಟ್ಟಿ, ಸ್ವಲ್ಪ ಜೋರಾಗಿ, ಬ್ರೇಕ್ ಒತ್ತಿಕೊಂಡು ಇಳಿಸಿದೆ. ಆಗಲೂ ಹೆಚ್ಚು ಕಡಿಮೆ ಎಂಟೇ ಇಂಚು. ಆಮೇಲೆ ಐಎಫ್‌ಎಸ್ ಗಾಡಿ. ನಿಧಾನ ಹೋದಾಗ ಒಂಬತ್ತು ಇಂಚು ಉಳಿಯಿತು. ಬ್ರೇಕ್ ಒತ್ತಿಕೊಂಡು ಇಳಿದಾಗ ಮೂತಿ ತಗ್ಗಿ, ಮುದ್ದೆ ಆರು ಇಂಚಿಗೆ ಅಪ್ಪಚ್ಚಿ. ತೋಟದ ಲೆಕ್ಕ ಬರೆಯುವ ರೈಟರ್ ದೂರದಲ್ಲಿ ನಿಂತು ನೋಡುತ್ತಿದ್ದರು, ಏನೂ ಕೇಳಲಿಲ್ಲ.

ವಿಷಯ ಇಷ್ಟೇ. ಸಾಲಿಡ್‌ನಲ್ಲಿ ಗುಂಡು ಚಕ್ರದ ಜೊತೆಗೇ ಇರುತ್ತದೆ, ಗಾಡಿ ಎಷ್ಟು ಕುಸಿದರೂ ನೆಲದಿಂದ ಅದರ ದೂರ ಬದಲಾಗಲ್ಲ, ಟೈರು ಚಪ್ಪಟೆಯಾದಷ್ಟೇ ವ್ಯತ್ಯಾಸ. ಐಎಫ್‌ಎಸ್‌ನಲ್ಲಿ ಡಿಫರೆನ್ಷಿಯಲ್ ಚಾಸಿಯ ಜೊತೆಗೆ ಇಳಿಯುತ್ತದೆ. ಜಾಹೀರಾತಿನಲ್ಲಿ ಬರೆಯುವ ಗ್ರೌಂಡ್ ಕ್ಲಿಯರೆನ್ಸ್ ನಿಂತ ಗಾಡಿಯದ್ದು, ನಮ್ಮ ಬಂಡೆಗೆ ಅದು ಗೊತ್ತಿಲ್ಲ.

ಹಾಗಂತ ಸಾಲಿಡ್ ಎಲ್ಲ ಕಡೆ ಗೆಲ್ಲುತ್ತದೆ ಅಂದುಕೊಳ್ಳಬೇಡಿ. ಟ್ರ್ಯಾಕ್ಟರ್ ಓಡಾಡಿ ಎರಡು ಕಡೆ ಜಾಡು ಆಳವಾಗಿ, ನಡುವೆ ದಿಂಡು ಎದ್ದಿರುತ್ತದಲ್ಲ, ಅಲ್ಲಿ ಜೀಪಿನ ಗುಂಡು ನೇಗಿಲಿನ ಹಾಗೆ ಉತ್ತುಕೊಂಡು ಹೋಗುತ್ತದೆ. ಎರಡು ಸಾರಿ ಅದರ ಮೇಲೇ ಕೂತುಬಿಟ್ಟಿದೆ. ಗುದ್ದಲಿ ಹಿಡಿದು ಬಿಡಿಸಬೇಕಾಯಿತು. ಐಎಫ್‌ಎಸ್ ಗಾಡಿ ಅದೇ ಜಾಡಿನಲ್ಲಿ ಲೋ ಗೇರ್ ಹಾಕಿ ನಿಧಾನವಾಗಿ ಹೋದರೆ ಏನೂ ತಾಗದೆ ದಾಟುತ್ತದೆ. ಇದು ನಾನು ನಿರೀಕ್ಷಿಸಿರಲಿಲ್ಲ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಐಎಫ್‌ಎಸ್ ಕಿತ್ತು ಹಳೆ ಜೀಪಿನ ಮುಂದಿನ ಆಕ್ಸಲ್ ಕೂರಿಸಿಬಿಡೋಣ ಅಂತ. ಲೆಕ್ಕ ಹಾಕಲು ಕೂತೆ. ಮುಂದೆ ಹಿಂದೆ ಕ್ರೌನ್ ಪಿನಿಯನ್ ರೇಷಿಯೋ (ಡಿಫರೆನ್ಷಿಯಲ್ ಒಳಗಿನ ಗೇರುಗಳ ಅನುಪಾತ) ಒಂದೇ ಇರಬೇಕು, ಇಲ್ಲದಿದ್ದರೆ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಗೇರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಆಕ್ಸಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಬರುವ ಪಕ್ಕ ಹೊಂದಬೇಕು. ಸ್ಟೀರಿಂಗ್ ಲಿಂಕ್ ಪೂರ್ತಿ ಹೊಸದಾಗಿ ಮಾಡಬೇಕು, ಕೋನ ತಪ್ಪಿದರೆ ಪ್ರತಿ ಗುಂಡಿಗೂ ಗಾಡಿ ತಾನಾಗಿಯೇ ತಿರುಗುತ್ತದೆ. ಇಷ್ಟೆಲ್ಲ ಆದ ಮೇಲೂ ಕಾನೂನು ಬಿಡಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸ್ಪರ್ಧೆಗೆ ಮಾತ್ರ ಇಳಿಸುವ ಗಾಡಿಯ ಕಥೆ ಬೇರೆ. ಅಮ್ಮನನ್ನು ಕೂರಿಸಿಕೊಂಡು ಹಾಸನಕ್ಕೆ ಹೋಗುವ ಗಾಡಿಗೆ ಅದು ಬೇಡ ಅನಿಸಿತು.

ಕೊಳ್ಳುವವರಿಗೆ ಈಗ ಆಯ್ಕೆಯೇ ಕಡಿಮೆ. ಎರಡೂ ಕಡೆ ಸಾಲಿಡ್ ಇದ್ದ ಜಿಪ್ಸಿ 2019ಕ್ಕೆ ನಿಂತಿತು. 2010ರಲ್ಲಿ ಬಂದ ತಾರ್‌ನಲ್ಲಿ ಸಿಆರ್‌ಡಿಇ ಮಾದರಿಗೆ ಐಎಫ್‌ಎಸ್, ಡಿಐ ಮಾದರಿಗೆ ಮುಂದೆಯೂ ಸಾಲಿಡ್, ಬ್ಲೇಡ್ ಸೆಟ್ ಇತ್ತು. 2020ರ ತಾರ್ ಬರುವಾಗ ಡಬಲ್ ವಿಶ್‌ಬೋನ್ (ಅದೂ ಐಎಫ್‌ಎಸ್ಸೇ), ಕಾಯಿಲ್ ಸ್ಪ್ರಿಂಗ್. 2021ರಲ್ಲಿ ಗೂರ್ಖಾ ಕೂಡ ಮುಂದೆ ಐಎಫ್‌ಎಸ್‌ಗೆ ಬಂತು. ಇವುಗಳ ಸಾಲಿನಲ್ಲಿ 2023ರ ಜಿಮ್ನಿ ಮಾತ್ರ ಎರಡೂ ಕಡೆ ಸಾಲಿಡ್ ಉಳಿಸಿಕೊಂಡಿದೆ, ಬ್ಲೇಡ್ ಬದಲು ಕಾಯಿಲ್ ಹಾಕಿ. ಭಾವಮೈದ ಬೆಂಗಳೂರಿನಲ್ಲಿದ್ದಾನೆ, ತಿಂಗಳಿಗೊಮ್ಮೆ ತೋಟಕ್ಕೆ ಬರುತ್ತಾನೆ. "ಯಾವುದು ತಗೊಳ್ಳಲಿ ಭಾವ?" ಅಂದ. ಇನ್ನೂರಕ್ಕೂ ಜಾಸ್ತಿ ಕಿಲೋಮೀಟರ್ ಟಾರು, ಎರಡೂವರೆ ಕಿಲೋಮೀಟರ್ ಮಣ್ಣು. ಐಎಫ್‌ಎಸ್ ತಗೋ, ಬೋಲ್ಟು ಮಾತ್ರ ಮುಟ್ಟಬೇಡ ಅಂದೆ. ದಿನಾ ಗೊಬ್ಬರದ ಮೂಟೆ ಹೇರಿಕೊಂಡು ಕೆಳಗಿನ ತೋಟಕ್ಕೆ ಇಳಿಯುವವರು ಕೇಳಿದ್ದರೆ ಬೇರೆಯೇ ಹೇಳುತ್ತಿದ್ದೆ.

ನಾನು ಎರಡನ್ನೂ ಇಟ್ಟುಕೊಂಡೆ. ಜೀಪಿಗೆ ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ಎಂಡ್, ಬ್ಲೇಡ್ ಬುಷ್ ಎಲ್ಲ ಹೊಸದು. ಒಂದೇ ದಿನದಲ್ಲಿ ಸಕಲೇಶಪುರದಲ್ಲೇ ಮುಗಿಯಿತು. ಐಎಫ್‌ಎಸ್ ಗಾಡಿಯ ಜಾಯಿಂಟಿಗೆ ಹನ್ನೊಂದು ದಿನ ಕಾದಿದ್ದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬೂಟಿನ ಮಡಿಕೆಗೆ ಬೆರಳು ಹಾಕಿ ನೋಡುತ್ತೇನೆ, ಗ್ರೀಸ್ ಅಂಟಿದರೆ ಅವತ್ತೇ ಮೇಸ್ತ್ರಿಗೆ ಫೋನ್.

ಅಂದ ಹಾಗೆ, ಆ ಬಂಡೆ ಈಗಿಲ್ಲ. ಹೋದ ಬೇಸಿಗೆ ಕೆರೆ ಹೂಳೆತ್ತಲು ಜೆಸಿಬಿ ಬಂದಿತ್ತು. ಊಟಕ್ಕೆ ಹೋಗುವ ಮುಂಚೆ ಅದನ್ನೂ ಒಂದು ಕೈ ನೋಡಪ್ಪ ಅಂದೆ. ಐದು ನಿಮಿಷ ಹಿಡಿಯಿತು.