ಚೆಂಡು ಎಸೆಯೋದಲ್ಲ, ನಾಯಿಗೆ ಬಿಡೋದನ್ನು ಮೊದಲು ಕಲಿಸಿ

ಡಿಸೆಂಬರ್‌ನಲ್ಲಿ ಮೂಡಿಗೆರೆ ಕಡೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪ ಹೊಸ ಲ್ಯಾಬ್ರಡಾರ್ ಮರಿಗೆ ಚೆಂಡು ಎಸೆದರು. ಅದು ಓಡಿಹೋಗಿ ಕಚ್ಚಿಕೊಂಡಿತು. ಆಮೇಲೆ ಮುಂಗಾಲು ಬಗ್ಗಿಸಿ, ಹಿಂಭಾಗ ಎತ್ತಿ, ಬಾಲ ಅಲ್ಲಾಡಿಸುತ್ತಾ ಅವರನ್ನೇ ನೋಡುತ್ತಾ ನಿಂತಿತು. ಇವರು ಎರಡು ಹೆಜ್ಜೆ ಇಟ್ಟರೆ ಅದು ನಾಲ್ಕು ಹೆಜ್ಜೆ ಹಾರಿತು. ಕೊನೆಗೆ ಇಬ್ಬರೂ ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಮೇಲೆಲ್ಲಾ ಓಡಾಡಿದರು. ಚಿಕ್ಕಮ್ಮ ಒಳಗಿಂದಲೇ ಇಬ್ಬರಿಗೂ ಸೇರಿಸಿ ಬೈದರು.

‘ಈ ಜಾತಿ ಹುಟ್ಟಿನಿಂದಲೇ ತರುತ್ತೆ ಅಂದಿದ್ರಲ್ಲಪ್ಪ’ ಅಂತ ಚಿಕ್ಕಪ್ಪನ ದೂರು. ಅರ್ಧ ನಿಜ. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಎತ್ತಿ ತರೋಕೆ ಅಂತಲೇ ಬೆಳೆಸಿದ ತಳಿ ಅದು. ಬಾಯಲ್ಲಿ ಹಿಡಿಯೋದು ರಕ್ತದಲ್ಲಿದೆ. ನಿಮ್ಮ ಕೈಗೆ ಕೊಡೋದನ್ನು ನೀವೇ ಕಲಿಸಬೇಕು. ಮುಧೋಳ ನಾಯಿಯಾದರೆ ಕಣ್ಣಿಗೆ ಬಿದ್ದಿದ್ದರ ಹಿಂದೆ ಓಡೋದೇ ಅದಕ್ಕೆ ಖುಷಿ, ತರೋದರಲ್ಲಿ ಅಷ್ಟು ಆಸಕ್ತಿ ಇರೋದಿಲ್ಲ. ನಮ್ಮನೆ ನಾಟಿ ನಾಯಿ ಮಾತ್ರ ಮೂರು ವಾರದಲ್ಲಿ ಕಲಿತಿತು.

ಬೇಕಾದ ಸಾಮಾನು: ಒಂದೇ ಥರದ ಎರಡು ಆಟಿಕೆ, ಹದಿನೈದು ಅಡಿ ಹಗುರ ಹಗ್ಗ, ಬೇಯಿಸಿದ ಕೋಳಿಯ ಸಣ್ಣ ತುಂಡು. ಆಟಿಕೆಗೆ ದುಡ್ಡು ಸುರಿಯಬೇಡಿ. ಹಳೇ ಪಂಚೆಯನ್ನು ಸೀಳಿ, ಜಡೆ ಹೆಣೆದು, ಎರಡೂ ತುದಿಗೆ ಗಂಟು ಹಾಕಿದರೆ ಸಾಕು. ಜಾತ್ರೆಯಲ್ಲಿ ಸಿಗೋ ಕೀಂ ಕೀಂ ಅನ್ನೋ ರಬ್ಬರ್ ಗೊಂಬೆ ನನಗೆ ಕಂಡರಾಗಲ್ಲ. ಒಳಗಿನ ಪೀಪಿಯನ್ನು ಕಿತ್ತು ನುಂಗಿದರೆ ಗತಿ ಏನು? ಟೆನಿಸ್ ಚೆಂಡು ಅಪರೂಪಕ್ಕೆ ಆಗಬಹುದು, ದಿನಾ ಅಗಿಯೋಕೆ ಕೊಟ್ಟರೆ ಅದರ ಒರಟು ಬಟ್ಟೆಗೆ ಹಲ್ಲು ಸವೆಯುತ್ತೆ. ತೋಟದಲ್ಲಿ ಬಿದ್ದ ಕೋಲು ಬೇಡವೇ ಬೇಡ. ಸಿಬಿರು ಗಂಟಲಿಗೆ ಚುಚ್ಚುತ್ತೆ.

ಜಾಗಕ್ಕೆ ಮೊದಲು ಬಯಲು ಬೇಡ. ಮನೆಯ ಉದ್ದ ಜಗಲಿ ಒಳ್ಳೆಯದು. ಎರಡೂ ಕಡೆ ಬಾಗಿಲು ಹಾಕಿ. ನಾಯಿ ಮಲಗೋ ಗೋಣಿಚೀಲದ ಪಕ್ಕ ಕೂತು, ಅಲ್ಲಿಂದ ಎಸೆಯಿರಿ. ಸಿಕ್ಕಿದ್ದನ್ನು ತನ್ನ ಜಾಗಕ್ಕೆ ಒಯ್ಯೋದು ಎಷ್ಟೋ ನಾಯಿಗಳ ಅಭ್ಯಾಸ. ಆ ಜಾಗದಲ್ಲಿ ನೀವೇ ಕೂತಿದ್ದರೆ ಅರ್ಧ ಕೆಲಸ ಆದಂತೆ. ಎಸೆತ ಆರೇಳು ಅಡಿ ಸಾಕು. ಹೋಗಿ ಎತ್ತೋದಕ್ಕೆ ಪಾಠ ಬೇಕಿಲ್ಲ, ಮಾಡೇ ಮಾಡುತ್ತೆ.

ಎಲ್ಲರೂ ಎಡವೋದು ಇಲ್ಲಿಂದ ಮುಂದೆ.

ಆಟಿಕೆ ಕಚ್ಚಿದ ತಕ್ಷಣ ನಾಯಿ ನಿಮ್ಮ ಮುಖ ನೋಡುತ್ತೆ. ಆಗ ಮುಂದೆ ಹೋಗಬೇಡಿ. ಹೋದರೆ ಅದು ಹಿಡಿಯೋ ಆಟ ಆಗಿಬಿಡುತ್ತೆ. ಅದರಲ್ಲಿ ನೀವು ಗೆಲ್ಲಲ್ಲ. ಬದಲಿಗೆ ಎದ್ದು, ಬೆನ್ನು ತೋರಿಸಿ, ಗೋಣಿಚೀಲದ ಆಚೆಗೆ ನಾಲ್ಕು ಹೆಜ್ಜೆ ಓಡಿ. ನಾಯಿ ನಿಮ್ಮ ಹಿಂದೆ ಬರುತ್ತೆ. ಬಂದ ಕೂಡಲೇ ಆಟಿಕೆಗೆ ಕೈ ಹಾಕಬೇಡಿ. ಎದೆ, ಕುತ್ತಿಗೆ ಸವರಿ, ‘ಭೇಷ್’ ಅನ್ನಿ. ಬಾಯಲ್ಲಿ ಇದ್ದಿದ್ದು ಬಾಯಲ್ಲೇ ಇರಲಿ. ಹತ್ತಿರ ಬಂದ್ರೆ ಕಿತ್ಕೊಳ್ತಾರೆ ಅನ್ನೋ ಅನುಮಾನ ಹೋಗೋಕೆ ಕೆಲವು ದಿನ ಬೇಕು.

ಆಮೇಲೆ ಎರಡನೇ ಆಟಿಕೆ ಹೊರಗೆ ಬರಲಿ. ಏನೂ ಮಾತಾಡದೆ ನೆಲದ ಮೇಲೆ ಹಾವಿನ ಥರ ಆಡಿಸಿ. ನಾಯಿ ಬಾಯಿ ಸಡಿಲ ಮಾಡುತ್ತೆ, ಮೊದಲನೆಯದು ಬೀಳುತ್ತೆ. ಬೀಳೋ ಆ ಗಳಿಗೆಯಲ್ಲೇ ‘ಬಿಡು’ ಅನ್ನಿ, ತಕ್ಷಣ ಎರಡನೆಯದನ್ನು ಎಸೆಯಿರಿ. ಜನ ಮೊದಲೇ ‘ಬಿಡು, ಬಿಡು, ಬಿಡೋ’ ಅಂತ ಹತ್ತು ಸಲ ಕೂಗುತ್ತಾರೆ. ಆ ಶಬ್ದಕ್ಕೆ ಅರ್ಥವೇ ಇಲ್ಲ ಅಂತ ನಾಯಿ ತೀರ್ಮಾನ ಮಾಡಿಬಿಡುತ್ತೆ. ನಾಲ್ಕೈದು ದಿನ ಬೀಳುವಾಗ ಹೇಳಿ. ಆಮೇಲೆ ಬೀಳೋಕೆ ಸ್ವಲ್ಪ ಮುಂಚೆ ಹೇಳಿ ನೋಡಿ.

ಎರಡನೆಯದನ್ನು ಕಂಡರೂ ಬಿಡದ ಹಠಮಾರಿಗೆ ಕೋಳಿ ತುಂಡನ್ನು ಮೂಗಿನ ಹತ್ತಿರ ಹಿಡಿಯಿರಿ. ದವಡೆ ಅಗಲಿಸಿ ಕಿತ್ತುಕೊಳ್ಳಬೇಡಿ. ತಲೆ ಮೇಲಿಂದ ಕೈ ತರಬೇಡಿ, ಗದ್ದದ ಕೆಳಗೆ ಅಂಗೈ ಒಡ್ಡಿ. ಬಿಟ್ಟ ಮೇಲೆ ತುಂಡು ತಿನ್ನಿಸಿ, ಅದೇ ಆಟಿಕೆಯನ್ನು ವಾಪಸ್ ಕೊಡಿ. ಕೊಟ್ಟರೆ ಕಳೆದುಹೋಯ್ತು ಅನ್ನಿಸದ ನಾಯಿ ಮಾತ್ರ ಖುಷಿಯಿಂದ ಕೊಡುತ್ತೆ.

ದಿನಕ್ಕೆ ಎರಡು ಸಲ, ಐದೈದು ನಿಮಿಷ. ಇನ್ನೂ ಆಡಬೇಕು ಅಂತ ನಾಯಿ ಕುಣಿಯುವಾಗಲೇ ನಿಲ್ಲಿಸಿ. ನಾಲ್ಕರಿಂದ ಆರು ತಿಂಗಳ ಮರಿಗೆ ಹಲ್ಲು ಬದಲಾಗೋ ಕಾಲ. ಒಸಡು ನೋಯ್ತಿದ್ದರೆ ಕಚ್ಚೋಕೇ ಒಪ್ಪಲ್ಲ, ಸ್ವಲ್ಪ ದಿನ ಸುಮ್ನಿರಿ. ಊಟ ಆದ ತಕ್ಷಣ ಓಡಿಸಬೇಡಿ. ತಪ್ಪಿದಾಗ ಕರೆಂಟ್ ಹೊಡೆಯೋ ಪಟ್ಟಿ ಅಂತ ಯಾರಾದರೂ ಮಾರೋಕೆ ಬಂದರೆ ಕಾಫಿ ಕೊಟ್ಟು ಕಳಿಸಿ.

ಜಗಲಿಯಲ್ಲಿ ಹತ್ತಕ್ಕೆ ಎಂಟು ಸಲ ತಂದುಕೊಟ್ಟರೆ ಹೊರಗೆ ಹೊರಡಿ. ಆ ಹದಿನೈದು ಅಡಿ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಕೊರಳಿಗೆ ಬೇಡ. ಎಳೆಯೋಕಲ್ಲ, ಓಡಿಹೋಗದಂತೆ ತಡೆಯೋಕೆ ಅಷ್ಟೇ. ಹೊಸ ಜಾಗದಲ್ಲಿ ಮತ್ತೆ ಆರೇಳು ಅಡಿಯಿಂದಲೇ ಶುರು.

ಕೊಯ್ಲಿನ ಕಾಲದಲ್ಲಿ ಕಣದ ಹತ್ತಿರ ಮಾತ್ರ ಬೇಡ. ಕಾಫಿ ಹಣ್ಣಿನ ಸಿಪ್ಪೆ ಸಿಹಿ, ನಾಯಿ ಬಾಯಿ ಹಾಕುತ್ತೆ. ಕೆಫೀನ್ ನಾಯಿಗೆ ವಿಷ. ಮಳೆಗಾಲದಲ್ಲಿ ಗಿಡದ ಸಾಲಿನೊಳಗೆ ಎಸೆದರೆ ಆಟಿಕೆ ಜೊತೆ ಇಂಬಳವೂ (ರಕ್ತ ಹೀರೋ ಜಿಗಣೆ) ಬರುತ್ತೆ. ಆಟ ಮುಗಿದ ಮೇಲೆ ಬೆರಳ ಸಂದಿ, ಕಿವಿ ಒಳಗೆ ನೋಡಿ. ಮೂಗಿನಿಂದ ರಕ್ತ ಸೋರ್ತಿದ್ದರೆ, ಪದೇ ಪದೇ ಸೀನುತ್ತಿದ್ದರೆ ಇಂಬಳ ಒಳಗೆ ಹೊಕ್ಕಿರಬಹುದು. ನೀವೇ ಚಿಮುಟ ಹಾಕದೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.