ಇಪ್ಪತ್ತೆರಡು ವರ್ಷದಿಂದ ಅದೇ ಹಾಡು, ಶ್ರುತಿ ಮಾತ್ರ ಇಳಿದಿದೆ

ನಾನು ಬೆಂಗಳೂರಿನ ಒಂದು ಕನ್ನಡ ರಾಕ್ ಬ್ಯಾಂಡಲ್ಲಿ ಗಿಟಾರ್ ನುಡಿಸ್ತೀನಿ. 2003ರಲ್ಲಿ ಕಾಲೇಜಲ್ಲಿದ್ದಾಗ ಮಾಡಿದ ಒಂದು ಹಾಡು ಊರೂರಿನ ಫೆಸ್ಟಲ್ಲಿ ಓಡ್ತು, ಐದಾರು ವರ್ಷ ಅದರ ಹೆಸರಲ್ಲೇ ಶೋ ಸಿಕ್ತು. ಆಮೇಲೆ ಮದುವೆ, ಮಕ್ಕಳು, ಹೋಮ್ ಲೋನು, ಆದ್ರೂ ಭಾನುವಾರದ ಜಾಮ್ ಯಾರೂ ಬಿಡ್ಲಿಲ್ಲ. ಬಂದ ದುಡ್ಡು ಮೊದಲ ದಿನದಿಂದ ಐದು ಸಮಪಾಲು, ಅದೊಂದು ವಿಷಯಕ್ಕೆ ಜಗಳ ಆಗಿಲ್ಲ.

ಕಷ್ಟ ಬಂದಿದ್ದು ಗಂಟಲಿಂದ. ಆ ಹಾಡು ಮಾಡಿದಾಗ ನಮ್ಮ ಗಾಯಕನಿಗೆ 20 ವರ್ಷ, ಕೋರಸ್ ಕೊನೇಲಿ ತಾರಸ್ಥಾಯಿಗೆ ಹೋಗಿ ನಾಲ್ಕು ಬೀಟ್ ನಿಲ್ಲಿಸ್ತಿದ್ದ. 35 ದಾಟಿದ ಮೇಲೆ ಆ ಜಾಗ ಬಂದ್ರೆ ಮೈಕ್ ಜನರ ಕಡೆ ಚಾಚೋಕೆ ಶುರು ಮಾಡಿದ, ನಂಗೆ ನೋಡೋಕಾಗ್ತಿರ್ಲಿಲ್ಲ.

ಆಗ ನೆನಪಾಗಿದ್ದು 2011ರ ಅಕ್ಟೋಬರ್ 30, ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಶೋ. ಅವತ್ತು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದನ್ನ ಮನೇಲಿ ಹಾಕಿ ಜೊತೆಗೆ ನುಡಿಸಿದ್ರೆ ಸೇರ್ತಾನೇ ಇಲ್ಲ, ಆಲ್ಬಮಲ್ಲಿ ಇ (E) ಸ್ವರದಲ್ಲಿ ಇರೋದನ್ನ ಅವ್ರು ಸ್ಟೇಜಲ್ಲಿ ಅರ್ಧ ಸ್ವರ ಕೆಳಗೆ, ಇ ಫ್ಲ್ಯಾಟಲ್ಲಿ ನುಡಿಸ್ತಾರೆ. 1981ರ ಬ್ಯಾಂಡು ಅದು, ಅವ್ರೇ ಇಳಿಸಿದ್ಮೇಲೆ ನಮಗೇನು ಅಂದೆ. ಗಾಯಕ ಒಪ್ಲಿಲ್ಲ, ಸೋತ ಹಾಗೆ ಅಂದ. ಕೊನೆಗೆ ಒಪ್ಪಿಸಿದ್ದು ಯಕ್ಷಗಾನದ ಭಾಗವತರಾಗಿದ್ದ ಅವನ ದೊಡ್ಡಪ್ಪ, ನಾನೂ ಹಾರ್ಮೋನಿಯಂ ಕಪ್ಪು ಮೂರರ ಶ್ರುತಿಯಿಂದ ಕಪ್ಪು ಎರಡಕ್ಕೆ ಇಳಿದು ಬಂದವನೇ ಮಾರಾಯ, ಪದ ಕೆಟ್ಟಿತಾ ಅಂತ ಕೇಳಿದ್ರು.

ನಮ್ಮ ಹಾಡಿನ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕು, ನಿಂತಿರೋದು ಖಾಲಿ ಬಿಟ್ಟ ಇ ತಂತಿ ಮೇಲೆ, ಹಾಗಾಗಿ ಬೆರಳು ಗಿಟಾರ್ ಕತ್ತಿನ ಬೇರೆ ಮನೆಗೆ, ಅಂದ್ರೆ ಬೇರೆ ಫ್ರೆಟ್‌ಗೆ ಸರಿಸಿ ಸ್ಕೇಲ್ ಬದಲಾಯಿಸಿದ್ರೆ ಆ ಗುಂಯ್ ಅನ್ನೋದು ಹೋಗ್ಬಿಡತ್ತೆ, ಅದಕ್ಕೇ ಆರೂ ತಂತಿ ಅರ್ಧ ಸ್ವರ ಇಳಿಸಿದ್ವಿ. ಇಳಿಸಿದ್ರೆ ತಂತಿ ಸಡಿಲ ಆಗತ್ತೆ, ಜೋರಾಗಿ ಹೊಡೆದ್ರೆ ಮೊದಲ ಕ್ಷಣ ಶ್ರುತಿ ಮೇಲಕ್ಕೆ ಎಗರತ್ತೆ. ಅದಕ್ಕೆ 9 ಗೇಜ್ ತಂತಿ ತೆಗೆದು ಸ್ವಲ್ಪ ದಪ್ಪದ 10 ಹಾಕಿದೆ, ಹನ್ನೆರಡನೇ ಫ್ರೆಟ್‌ನಲ್ಲಿ ಒಂದೊಂದೇ ತಂತಿ ಒತ್ತಿ ಟ್ಯೂನರ್ ನೋಡ್ಕೊಂಡು ಶ್ರುತಿ ಸರಿ ಬರೋವರೆಗೂ ಬ್ರಿಡ್ಜಿನ ಸ್ಕ್ರೂ ತಿರುಗಿಸಿದೆ, ಒಂದು ಸಂಜೆ ಪೂರ್ತಿ ಹಿಡೀತು. ಕೀಬೋರ್ಡಿನವನಿಗೆ ಟ್ರಾನ್ಸ್‌ಪೋಸ್ ಮೈನಸ್ ಒಂದು ಒತ್ತಿದ್ರೆ ಮುಗೀತು.

ಮುಂದಿನ ಶೋಲಿ ಆ ಜಾಗ ಬಂದಾಗ ಮೈಕ್ ಚಾಚ್ಲಿಲ್ಲ. ನಾಲ್ಕು ಬೀಟ್ ಪೂರ್ತಿ ನಿಂತ, ಡ್ರಮ್ಮರ್ ಹಿಂದಿಂದ ಕೂಗಿದ್ದು ನಂಗೆ ಮಾನಿಟರ್ ಸದ್ದಲ್ಲೂ ಕೇಳಿಸ್ತು.

ಹೋದ ತಿಂಗಳು ಸೌಂಡ್‌ಚೆಕ್ ಮುಗಿಸಿ ಕಾಫಿ ಕುಡೀತಾ ಅವನೇ ಕೇಳ್ದ, ಇನ್ನರ್ಧ ಇಳಿಸೋಣ್ವಾ ಮಗಾ ಅಂತ. ಆಗ ಇ ತಂತಿ ಡಿ (D) ಆಗತ್ತೆ. ಈ ವಾರ 11 ಗೇಜ್ ತರ್ಬೇಕು.