‘ಆರಾಮಿದೀನ್ರಿ ಸರ್’ ಅಂದವರಿಗೆ ಕೇಳಿದ ಎರಡನೇ ಪ್ರಶ್ನೆ

ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಆಪ್ತಸಮಾಲೋಚನೆ ನನ್ನ ವಿಷಯ. 2020ರ ಮಾರ್ಚ್ 25ಕ್ಕೆ ದೇಶವೆಲ್ಲ ಲಾಕ್‌ಡೌನ್ ಆಗುವ ಹೊತ್ತಿಗೆ ನಮ್ಮ ಹಾಸ್ಟೆಲ್ ಖಾಲಿಯಾಗಿತ್ತು. ಸಿರುಗುಪ್ಪ, ಕುಷ್ಟಗಿ, ಮಸ್ಕಿ, ಕೂಡ್ಲಿಗಿ ಅಂತ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿದ್ದರು. ಒಂದು ವಾರದ ರಜೆ ಅಂದುಕೊಂಡು ಎರಡು ಜೊತೆ ಬಟ್ಟೆ ತಗೊಂಡು ಹೋದವರು. ಪುಸ್ತಕ, ನೋಟ್ಸು, ಅಂಕಪಟ್ಟಿ ಎಲ್ಲ ಹಾಸ್ಟೆಲ್ ಟ್ರಂಕಿನಲ್ಲೇ ಉಳಿದವು. ಅಲ್ಲಿಂದ ಕೊರೊನಾದ ಎರಡನೇ ಅಲೆ ಇಳಿಯುವ ತನಕ ನಾನು ಅವರ ಜೊತೆ ಮಾಡಿದ ಕೆಲಸವೆಲ್ಲ ಹೆಚ್ಚಾಗಿ ಫೋನಿನಲ್ಲೇ. ಅದನ್ನ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಯಾಕಂದ್ರೆ ಈಗ ಕಾಲೇಜಿನಲ್ಲಿ ಮಾನಸಿಕ ಆರೋಗ್ಯ ಅಂದರೆ ಒಂದು ಬ್ಯಾನರ್, ಒಂದು ಹಾರ, ಒಂದು ಗಂಟೆ ಭಾಷಣ ಅನ್ನೋ ಹಾಗಾಗಿದೆ.

ವಾಟ್ಸಾಪ್ ಗುಂಪಿನಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ಅಲ್ಲಿ ಬರೋದು ಗುಡ್ ಮಾರ್ನಿಂಗು, ಹೂವಿನ ಚಿತ್ರ. ಹಾಗಾಗಿ ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೆ. ಅದೂ ಸಂಜೆ ಏಳರ ಮೇಲೆ. ಮನೆಗೆ ಇರುವುದು ಒಂದೇ ಫೋನ್, ಹಗಲೆಲ್ಲ ಅದು ಅಪ್ಪನ ಜೇಬಿನಲ್ಲಿ ಹೊಲದಲ್ಲಿರುತ್ತದೆ. ಸಂಜೆಯಾದರೆ ಹುಡುಗರು ಅದನ್ನು ಇಸ್ಕೊಂಡು ಮಾಳಿಗೆ ಹತ್ತುತ್ತಾರೆ. ನೆಟ್‌ವರ್ಕ್ ಸಿಗೋದೂ ಅಲ್ಲೇ, ಯಾರೂ ಕೇಳಿಸಿಕೊಳ್ಳದ ಜಾಗವೂ ಅದೇ.

‘ಹೇಗಿದ್ದೀಯಪ್ಪ?’ ಅಂದರೆ ಉತ್ತರ ಒಂದೇ. ‘ಆರಾಮಿದೀನ್ರಿ ಸರ್, ನೀವ್ ಆರಾಮೇನ್ರಿ?’ ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ಎರಡನೇ ಪ್ರಶ್ನೆಯಲ್ಲಿ ಮನಸ್ಸಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ‘ನಿನ್ನೆ ಎಷ್ಟೊತ್ತಿಗೆ ಮಲಗಿದೆ? ಎಷ್ಟೊತ್ತಿಗೆ ಎಚ್ಚರ ಆಯ್ತು? ಮಧ್ಯಾಹ್ನ ಏನು ಉಂಡಿ?’ ಇವಿಷ್ಟೇ. ನಿದ್ದೆ, ಊಟದ ಬಗ್ಗೆ ಮಾತಾಡೋಕೆ ನಮ್ಮ ಕಡೆ ಯಾರಿಗೂ ನಾಚಿಕೆ ಇಲ್ಲ. ‘ನಿದ್ದಿ ಬರವಲ್ದು ಸರ್’ ಅಂತ ಶುರುವಾದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತಿತ್ತು.

ರಾತ್ರಿ ಎರಡರ ತನಕ ಮೊಬೈಲ್ ನೋಡಿ, ಹನ್ನೊಂದಕ್ಕೆ ಎದ್ದು, ಅವ್ವನ ಕೈಲಿ ಬೈಸಿಕೊಳ್ಳುವವರು ಬಹಳ ಜನ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೇಗ ಮಲಗಿ ನಸುಕಿನ ಮೂರಕ್ಕೇ ಎಚ್ಚರಾಗಿ ಎದೆ ಹೊಡೆದುಕೊಳ್ಳುತ್ತೆ ಅನ್ನುವವರು, ಇಷ್ಟದ ಕ್ರಿಕೆಟ್ಟೂ ಬೇಡ ಅನ್ನುವವರು, ಎರಡು ವಾರದಿಂದ ಹೀಗೇ ಅನ್ನುವವರು ಬೇರೆ. ಖಿನ್ನತೆಯ ಲಕ್ಷಣ ಗುರುತಿಸೋಕೆ ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತೆ, ಒಟ್ಟು 27 ಅಂಕ. ಅದನ್ನ ಫಾರಂ ಓದಿದ ಹಾಗೆ ಓದದೆ, ಮಾತಿನ ನಡುವೆ ನಮ್ಮ ಭಾಷೆಯಲ್ಲೇ ಕೇಳಿಬಿಡುತ್ತಿದ್ದೆ. ಅದರಿಂದ ಕಾಯಿಲೆ ಯಾವುದು ಅಂತ ತೀರ್ಮಾನ ಮಾಡೋಕಾಗಲ್ಲ. ಯಾರನ್ನ ಡಾಕ್ಟರ ಹತ್ತಿರ ಕಳಿಸಬೇಕು ಅಂತ ಸೋಸಿಕೊಳ್ಳೋಕೆ ಒಂದು ಜರಡಿ ಅಷ್ಟೇ.

ಸೋಸಿದ ಮೇಲೆ ಒಂದು ವಿಷಯ ಎದ್ದು ಕಾಣಿಸಿತು. ಒದ್ದಾಡುತ್ತಿದ್ದ ಹೆಚ್ಚಿನವರಿಗೆ ಬೇಕಾಗಿದ್ದುದು ಧೈರ್ಯದ ಮಾತಲ್ಲ, ಖಚಿತ ಮಾಹಿತಿ. ಪರೀಕ್ಷೆ ಇದೆಯಾ ಇಲ್ವಾ? ಆ ವರ್ಷ ಇದೇ ದೊಡ್ಡ ಕಾಟ. ಜುಲೈ 6ಕ್ಕೆ ಯುಜಿಸಿ, ಕೊನೇ ವರ್ಷದವರಿಗೆ ಸೆಪ್ಟೆಂಬರ್ ಒಳಗೆ ಪರೀಕ್ಷೆ ಆಗಬೇಕು ಅಂತು. ಅದೇ ತಿಂಗಳು ನಮ್ಮ ಸರ್ಕಾರ, ಉಳಿದವರನ್ನ ಪರೀಕ್ಷೆ ಇಲ್ಲದೇ ಮುಂದಿನ ಸೆಮಿಸ್ಟರ್‌ಗೆ ಕಳಿಸುತ್ತೇವೆ ಅಂತು. ಆಮೇಲೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪರೀಕ್ಷೆ ಇಲ್ಲದೇ ಡಿಗ್ರಿ ಕೊಡೋ ಹಾಗಿಲ್ಲ ಅಂತ ಆಗಸ್ಟ್ 28ಕ್ಕೆ ತೀರ್ಪು ಬಂತು. ಈ ನಡುವಿನ ದಿನಗಳಲ್ಲಿ ಹುಡುಗರ ಕೈಗೆ ಬಂದ ಸುಳ್ಳು ಸುತ್ತೋಲೆಗಳಿಗೆ ಲೆಕ್ಕವಿಲ್ಲ. ನಾನು ಪ್ರತಿ ಶನಿವಾರ ಸಂಜೆ ಒಂದು ಚಿಕ್ಕ ಆಡಿಯೋ ಕಳಿಸೋಕೆ ಶುರು ಮಾಡಿದೆ. ಇಷ್ಟು ನಿಜ, ಇಷ್ಟು ಸುಳ್ಳು, ಇಷ್ಟು ಇನ್ನೂ ತೀರ್ಮಾನ ಆಗಿಲ್ಲ. ‘ತೀರ್ಮಾನ ಆಗಿಲ್ಲ’ ಅಂತ ಮೇಷ್ಟ್ರೇ ಹೇಳಿದರೂ ಎಷ್ಟೋ ಜನರ ನಿದ್ದೆ ಸುಧಾರಿಸಿತು. ಧ್ಯಾನ ಮಾಡಿ, ಪಾಸಿಟಿವ್ ಆಗಿರಿ ಅಂತ ಯಾರಿಗೂ ಹೇಳಿದವನಲ್ಲ. ತಗಡಿನ ಶೀಟಿನ ಕೆಳಗೆ, ಮೇ ತಿಂಗಳ ಬಿಸಿಲಲ್ಲಿ, ಆರು ಜನ ಇರೋ ಮನೆಯಲ್ಲಿ ಧ್ಯಾನ ಎಲ್ಲಿಂದ ಬರಬೇಕು?

ಕುಷ್ಟಗಿ ಕಡೆಯ ಒಬ್ಬ ಹುಡುಗನ ವಿಷಯ ಹೇಳಲೇಬೇಕು. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಬೆಂಗಳೂರಿಗೆ ಗುಳೆ ಹೋಗಿದ್ದ ಅಣ್ಣ-ಅತ್ತಿಗೆ ವಾಪಸ್ ಬಂದಿದ್ದರು. ಮನೆಗೆ ಬರುತ್ತಿದ್ದ ದುಡ್ಡು ನಿಂತಿತ್ತು. ಎಲ್ಲರೂ ಉದ್ಯೋಗ ಖಾತ್ರಿಗೆ ಹೊರಟರು, ಇವನೂ ಹೊರಟ. ಆಗ ದಿನಕ್ಕೆ 275 ರೂಪಾಯಿ ಕೂಲಿ. ಕೆರೆ ಹೂಳೆತ್ತುವ ಜಾಗದಲ್ಲಿ ಯಾರೋ ‘ಇಷ್ಟ್ ಓದಿ ಸಲಿಕಿ ಹಿಡದ್ಯಲ್ಲೋ’ ಅಂದರಂತೆ. ಆ ಒಂದು ಮಾತು ಅವನನ್ನ ಕೊರೆಯಿತು. ಕಾಲೇಜಿನ ಯಾರ ಫೋನೂ ಎತ್ತದಾದ. ನನಗೆ ಅವನು ಸಿಕ್ಕಿದ್ದು ರೂಮ್‌ಮೇಟ್ ಮೂಲಕ. ‘ಖಾತ್ರಿ ಕೆಲಸ ಬಿಡು’ ಅಂತ ನಾನು ಹೇಳಲಿಲ್ಲ. ಬಿಸಿಲು ಏರುವ ಮೊದಲೇ ಕೆಲಸ ಮುಗಿಸಬೇಕು ಅಂತ ಅವನು ನಸುಕಿಗೇ ಏಳುತ್ತಿದ್ದ. ಮೈ ದಣಿಯುತ್ತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ನಮ್ಮ ಇಡೀ ಕ್ಲಾಸಿನಲ್ಲಿ ನೆಟ್ಟಗೆ ನಿದ್ದೆ ಮಾಡುತ್ತಿದ್ದವನು ಅವನೊಬ್ಬನೇ ಇರಬೇಕು! ಅವನಿಗೆ ಅದನ್ನೇ ಹೇಳಿದೆ. ಜಾಬ್ ಕಾರ್ಡು, ಹಾಜರಿ, ಕೂಲಿ ಎಷ್ಟು ದಿನ ತಡವಾಗಿ ಬರುತ್ತೆ ಅಂತ ಬರೆದಿಡು, ನಿನ್ನ ಪ್ರಾಜೆಕ್ಟಿಗೆ ಅದೇ ವಿಷಯ ಆಗುತ್ತೆ ಅಂದೆ. ಬರೆದ. ಚೆನ್ನಾಗೇ ಬರೆದ.

ಹುಡುಗಿಯರ ಜೊತೆ ಮಾತು ಇನ್ನೂ ಕಷ್ಟ. ಫೋನ್ ಸ್ಪೀಕರ್‌ನಲ್ಲಿರುತ್ತೆ, ಪಕ್ಕದಲ್ಲಿ ಅಣ್ಣನೋ ಅಪ್ಪನೋ ಕೂತಿರುತ್ತಾರೆ. ಅವರಿಗೆ ಹೌದು, ಇಲ್ಲ ಅಂದರೆ ಸಾಕು ಅನ್ನೋ ಹಾಗೆ ಪ್ರಶ್ನೆ ಕೇಳುತ್ತಿದ್ದೆ, ಇಲ್ಲಾಂದ್ರೆ ಮಹಿಳಾ ಸಹೋದ್ಯೋಗಿ ಕೈಲಿ ಮಾಡಿಸುತ್ತಿದ್ದೆ. ಅವರ ಚಿಂತೆ ಹೆಚ್ಚಾಗಿ ಮದುವೆಯದು. 50 ಜನಕ್ಕಿಂತ ಜಾಸ್ತಿ ಸೇರೋ ಹಾಗಿಲ್ಲ ಅಂದಾಗ ಮನೆ ಮುಂದೆ ಚಪ್ಪರ ಹಾಕಿ ಕಡಿಮೆ ಖರ್ಚಿನಲ್ಲಿ ಮುಗಿಸಿಬಿಡೋಣ ಅಂತ ಎಷ್ಟೋ ಅಪ್ಪಂದಿರಿಗೆ ಅನ್ನಿಸಿತು. ಅಂಥ ಅಪ್ಪಂದಿರ ಜೊತೆ ಖಿನ್ನತೆ ಬಗ್ಗೆ ಮಾತಾಡಿ ಉಪಯೋಗ ಇಲ್ಲ. ಪರೀಕ್ಷೆ ತಾರೀಕು, ಸ್ಕಾಲರ್‌ಶಿಪ್, ‘ಇನ್ನೊಂದು ಸೆಮಿಸ್ಟರ್ ಆದರೆ ಡಿಗ್ರಿ ಕೈಗೆ ಬರುತ್ತೆ ನೋಡ್ರಿ’, ಇಷ್ಟೇ ಮಾತಾಡುತ್ತಿದ್ದೆ. ಕೆಲವರು ಕೇಳಿದರು. ಕೆಲವರು ಮದುವೆ ಮುಗಿದ ಮೇಲೆ ಫೋಟೋ ಕಳಿಸಿದರು.

ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅನ್ನೋದು ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತೆ. ‘ಹೌದು’ ಅಂದರೆ ಆ ರಾತ್ರಿ ಅವರನ್ನ ಒಬ್ಬರೇ ಬಿಡೋ ಹಾಗಿಲ್ಲ. ಅವರಿಗೆ ಹೇಳಿಯೇ ಮನೆಯಲ್ಲಿ ಅವರು ನಂಬುವ ಒಬ್ಬರನ್ನ ಫೋನಿಗೆ ಕರೆಸುತ್ತಿದ್ದೆ. ಅದು ಅವ್ವನೇ ಆಗಬೇಕಿಲ್ಲ, ಅತ್ತಿಗೆಯೂ ಆಗಬಹುದು. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ ನಮ್ಮದು, ಬೆಳೆಗೆ ಹೊಡೆಯುವ ಔಷಧಿ ಪಡಸಾಲೆಯಲ್ಲೇ ಇರುತ್ತೆ. ಅದನ್ನ ಬೇರೆ ಮನೆಗೆ ಸಾಗಿಸಿ, ಇಲ್ಲಾ ಬೀಗ ಹಾಕಿ ಅಂತ ಮೊದಲು ಹೇಳುತ್ತಿದ್ದೆ. ಬೆಳಿಗ್ಗೆ ಡಾಕ್ಟರ್. 2020ರ ಮಾರ್ಚ್‌ನಲ್ಲೇ ಟೆಲಿಮೆಡಿಸಿನ್ ನಿಯಮ ಬಂದಿದ್ದರಿಂದ ಮನೋವೈದ್ಯರು ಫೋನಿನಲ್ಲೂ ನೋಡಬಹುದಿತ್ತು.

ಡಾಕ್ಟರ್ ಹತ್ತಿರ ಅಂದ ಕೂಡಲೇ ‘ನಮ್ಮ ಹುಡುಗನಿಗೆ ಹುಚ್ಚೇನ್ರಿ?’ ಅಂತ ಮನೆಯವರು ಕೇಳುತ್ತಾರೆ. ಅವರಿಗೆ ಬಳ್ಳಾರಿಯದೇ ಕಥೆ ಹೇಳುತ್ತಿದ್ದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಅಲ್ಲೇ ಮಾತ್ರೆ ಸಿಗೋ ಹಾಗೆ ಮಾಡಬಹುದಾ ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಪ್ರಯೋಗ ಮಾಡಿದ್ದು ಇದೇ ಜಿಲ್ಲೆಯಲ್ಲಿ. ‘ಬಳ್ಳಾರಿ ಮಾದರಿ’ ಅಂತಲೇ ಅದಕ್ಕೆ ಹೆಸರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಇಷ್ಟು ಹೇಳಿದರೆ ಮುಖ ಸ್ವಲ್ಪ ಸಡಿಲವಾಗುತ್ತಿತ್ತು ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು.

2020ರ ನವೆಂಬರ್ 17ಕ್ಕೆ ಕಾಲೇಜು ತೆರೆಯಿತು. ಉಸಿರು ಬಿಡುವಷ್ಟರಲ್ಲಿ ಎರಡನೇ ಅಲೆ. 2021ರ ಮೇನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಪಕ್ಕ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಈ ಸಲ ಪರೀಕ್ಷೆಯ ಮಾತು ಹಿಂದೆ ಬಿತ್ತು. ‘ಅಪ್ಪನ ಮುಖ ನೋಡಾಕ ಬಿಡಲಿಲ್ಲ ಸರ್’ ಅಂದವಳಿಗೆ ನಿದ್ದೆ ಎಷ್ಟಾಯ್ತು ಅಂತ ಕೇಳೋಕಾಗುತ್ತಾ? ಒಂಬತ್ತು ಪ್ರಶ್ನೆಯ ಪಟ್ಟಿ ಪಕ್ಕಕ್ಕಿಟ್ಟೆ. ದುಃಖ ಕಾಯಿಲೆ ಅಲ್ಲ. ‘ನಿಮ್ಮಪ್ಪನ ಬಗ್ಗೆ ಹೇಳು’ ಅನ್ನುತ್ತಿದ್ದೆ, ಸುಮ್ನೆ ಕೇಳುತ್ತಿದ್ದೆ. ತಿಂಗಳುಗಳು ಕಳೆದರೂ ಎದ್ದು ಓಡಾಡಲಾಗದವರನ್ನ ಮಾತ್ರ ಡಾಕ್ಟರ ಹತ್ತಿರ ಕಳಿಸಿದೆ.

ಆಗಿನಿಂದ ಉಳಿದ ಒಂದು ಅಭ್ಯಾಸ ಇದೆ. ಹೊಸ ಬ್ಯಾಚ್ ಬಂದಾಗ ಅಪ್ಪನ ನಂಬರಿನ ಜೊತೆ ಒಬ್ಬ ಗೆಳೆಯ ಅಥವಾ ಗೆಳತಿಯ ನಂಬರ್ ಬರೆಸಿಕೊಳ್ಳುತ್ತೇನೆ. ಫೋನ್ ಎತ್ತದವರು ಎಲ್ಲಿದ್ದಾರೆ ಅಂತ ಅವರಿಗೇ ಗೊತ್ತಿರುತ್ತೆ. ಈಗಂತೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನ ನೋಟಿಸ್ ಬೋರ್ಡಿಗೆ ಅಂಟಿಸಿ ಬಿಡೋದಿಲ್ಲ, ಮೊದಲ ಕ್ಲಾಸಿನಲ್ಲೇ ಎಲ್ಲರ ಮೊಬೈಲಿನಲ್ಲೂ ಸೇವ್ ಮಾಡಿಸುತ್ತೇನೆ.